ಫ್ರೆಂಚ್ ರಾಕ್ಸ್‌ನಿಂದ ಇಸ್ತಾಂಬುಲ್‌ವರೆಗೆ

ನಮ್ಮ ತಾತ ಕೊನೆಯವರೆಗೂ ಪಾಂಡವಪುರವನ್ನು ಪಾಂಡವಪುರ ಅಂತ ಕರೆಯಲೇ ಇಲ್ಲ. ಕೆ.ಆರ್. ಪೇಟೆ ಕಡೆಯ ನಮ್ಮ ಹಳ್ಳಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತುವಾಗ "ಫ್ರೆಂಚ್‌ರಾಕ್ಸ್‌ಗೆ ಹೋಗ್‌ಬತ್ತೀನಿ" ಅನ್ನುತ್ತಿದ್ದರು. ಚಿಕ್ಕವನಾಗಿದ್ದ ನನಗೆ ಆ ಹೆಸರೇ ಒಂದು ತಮಾಷೆ. "ಅದ್ಯಾಕ್ ತಾತ ಫ್ರೆಂಚು?" ಅಂತ ಒಂದು ಸಲ ಕೇಳಿದ್ದೆ. "ಟಿಪ್ಪು ಕಾಲ್ದಲ್ಲಿ ಪರಂಗಿಯೋರು ಅಲ್ಲಿ ಪಾಳ್ಯ ಹಾಕ್ಕಂಡಿದ್ರಂತೆ ಕಣ್ ಮಗ" ಅಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಅಲ್ಲಿಗೆ ಆವತ್ತಿನ ಪಾಠ ಮುಗಿಯಿತು.

ತಾತ ಹೇಳಿದ್ದು ಸರಿಯೇ. ಆ ಊರಿನ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಅಲ್ಲಿನ ಬಂಡೆಗಳ ಹತ್ತಿರ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. ಶ್ರೀರಂಗಪಟ್ಟಣದಿಂದ ಸುಮಾರು ಹತ್ತು ಕಿಲೋಮೀಟರ್ ಅಷ್ಟೇ.

ಈಗ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನನ್ನ ಕೆಲಸ ಏನು ಅಂತ ಊರಲ್ಲಿ ಕೇಳಿದರೆ ವಿವರಿಸೋದು ಕಷ್ಟ. ಇಲ್ಲಿನ ಟೀಮ್ ಹೇಳಿದ್ದನ್ನು ಯುರೋಪಿನ ಕ್ಲೈಂಟ್‌ಗೆ ಅವರಿಗೆ ಕೋಪ ಬರದ ಹಾಗೆ ಹೇಳಬೇಕು, ಅವರು ಹೇಳಿದ್ದನ್ನು ಇವರಿಗೆ ಬೇಜಾರಾಗದ ಹಾಗೆ ತಲುಪಿಸಬೇಕು. "ಅಂಗಂದ್ರೆ ಬ್ರೋಕರ್ರಾ?" ಅಂತ ನಮ್ಮ ಚಿಕ್ಕಪ್ಪ ಕೇಳಿದ್ದರು. ಹೆಚ್ಚೂಕಮ್ಮಿ ಅದೇ ಅಂದೆ. ಹೋದ ಸಲ ರಜೆ ಹಾಕಿ ಊರಿಗೆ ಹೊರಟಾಗ, ಪಾಂಡವಪುರದ ರೈಲ್ವೆ ಸ್ಟೇಷನ್ ಹತ್ತಿರ ಕಾರು ನಿಲ್ಲಿಸಿ ಟೀ ಕುಡಿಯುವಾಗ ತಾತನ ಮಾತು ನೆನಪಾಯಿತು. ಫ್ರೆಂಚರು ಇಲ್ಲಿಗೆ ಬಂದರು, ಸರಿ. ಇಲ್ಲಿಂದ ಯಾರಾದರೂ ಅಲ್ಲಿಗೆ ಹೋದರಾ? ಈ ಬ್ರೋಕರ್ ಕೆಲಸವನ್ನು ನನಗಿಂತ ಮುಂಚೆ ಈ ಊರುಗಳಲ್ಲಿ ಯಾರಾದರೂ ಮಾಡಿದ್ದರಾ?

ಮಾಡಿದ್ದರು. ಅದೂ ಎಂಥ ಕೆಲಸ! ಅವರಲ್ಲಿ ಒಬ್ಬನ ಹೆಸರು ಗುಲಾಮ್ ಅಲಿ ಖಾನ್. ಕಾಲು ಸರಿಯಿರಲಿಲ್ಲವಾದ್ದರಿಂದ ದಾಖಲೆಗಳಲ್ಲಿ ಅವನ ಹೆಸರಿನ ಜೊತೆ "ಲಂಗಡಾ" ಅನ್ನೋ ಮಾತೂ ಅಂಟಿಕೊಂಡಿದೆ. ಕಾವೇರಿ ದಂಡೆಯಿಂದ ಇಸ್ತಾಂಬುಲ್‌ವರೆಗೆ ಹೋಗಿ ಬಂದವನು ಅವನು.

ಮುಂದೆ ಹೋಗುವ ಮುನ್ನ ಒಂದು ಮಾತು. ಟಿಪ್ಪು ಹೆಸರು ಎತ್ತಿದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಎರಡು ಗುಂಪಾಗುತ್ತೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ನಲ್ಲಂತೂ ಕೇಳಲೇಬೇಡಿ. ಟಿಪ್ಪು ಹುಲಿಯೋ ಹಾವೋ ಅನ್ನೋ ಪಂಚಾಯ್ತಿ ಇಲ್ಲಿ ಬೇಡ. ನನಗೆ ಬೇಕಿರೋದು ಅವನ ಓಲೆ ಹೊತ್ತವನ ಕಥೆ.

1786ರ ಮಾರ್ಚ್. ಗೋಕರ್ಣದ ಪಕ್ಕದಲ್ಲಿರೋ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಗುಲಾಮ್ ಅಲಿ ಖಾನ್ ಮುಖ್ಯಸ್ಥ, ಜೊತೆಗೆ ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್. ಗುಮಾಸ್ತರು, ಸಿಪಾಯಿಗಳು, ಅಡುಗೆಯವರು ಎಲ್ಲ ಸೇರಿ ಸುಮಾರು 900 ಜನ. ಸಾಲದ್ದಕ್ಕೆ ನಾಲ್ಕು ಆನೆ! ಗಂಧದ ಮರ, ಮೆಣಸು, ಏಲಕ್ಕಿ, ಬಟ್ಟೆ ಎಲ್ಲವನ್ನೂ ಹೇರಿದ್ದರು. ಅದು ಬರೀ ಕಾಣಿಕೆಗಲ್ಲ. ದಾರಿಯಲ್ಲಿ ಮಾರಿ ಖರ್ಚು ತೂಗಿಸಿಕೊಳ್ಳಬೇಕು ಅನ್ನೋದು ಲೆಕ್ಕ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಟ್ರಾವೆಲ್ ಬಜೆಟ್ಟನ್ನ ಅವರೇ ದುಡಿದುಕೊಳ್ಳಬೇಕಿತ್ತು.

ಮಸ್ಕತ್, ಬಸ್ರಾ, ಬಾಗ್ದಾದ್ ದಾಟಿ ಅವರು ಇಸ್ತಾಂಬುಲ್ ತಲುಪುವ ಹೊತ್ತಿಗೆ 1787ರ ಸೆಪ್ಟೆಂಬರ್. ಒಂದೂವರೆ ವರ್ಷ. ತಂಡದ ಗುಮಾಸ್ತ ಖ್ವಾಜಾ ಅಬ್ದುಲ್ ಖಾದಿರ್ ದಾರಿಯುದ್ದಕ್ಕೂ ಪಾರಸಿಯಲ್ಲಿ ದಿನಚರಿ ಬರೆದ. ಆ ಹಸ್ತಪ್ರತಿ ಉಳಿದು 1968ರಲ್ಲಿ ಅಚ್ಚೂ ಆಯಿತು. ಅದು ಇರೋದರಿಂದಲೇ ಈ ಪ್ರಯಾಣದ ದೈನಂದಿನ ಗೋಳು ನಮಗೆ ಗೊತ್ತು. ಆನೆಗಳಲ್ಲಿ ಒಂದೂ ಇಸ್ತಾಂಬುಲ್ ಮುಟ್ಟಲಿಲ್ಲ. ಚಳಿ, ಕಾಯಿಲೆ, ಇಸ್ತಾಂಬುಲ್‌ನಲ್ಲಿ ಪ್ಲೇಗು. ಹೊರಟ 900 ಜನರಲ್ಲಿ ವಾಪಸ್ ಬಂದವರು ಕೆಲವೇ ಮಂದಿ.

ಏನು ಕೇಳೋಕೆ ಹೋಗಿದ್ದರು? ಮುಖ್ಯವಾಗಿ ಮೂರು ವಿಷಯ. ಒಂದು, ಟಿಪ್ಪುವಿನ ರಾಜತ್ವಕ್ಕೆ ಖಲೀಫನ ಮುದ್ರೆ. ಮೈಸೂರಿನಲ್ಲಿ ಒಡೆಯರ ಸಿಂಹಾಸನ ಇನ್ನೂ ಹೆಸರಿಗೆ ಇತ್ತಲ್ಲ, ಆದ್ದರಿಂದ "ನೀನು ಯಾರ ಅಪ್ಪಣೆಯಿಂದ ಸುಲ್ತಾನ?" ಅನ್ನೋ ಪ್ರಶ್ನೆಗೆ ಒಂದು ಉತ್ತರ ಬೇಕಿತ್ತು. ಎರಡು, ಇಂಗ್ಲಿಷರ ವಿರುದ್ಧ ಸಹಾಯ ಮತ್ತು ಕುಶಲಕರ್ಮಿಗಳು. ಮೂರನೆಯದು ನನಗೆ ತುಂಬ ಇಷ್ಟವಾದದ್ದು. ಬಸ್ರಾ ಬಂದರಿನ ಉಸ್ತುವಾರಿ ನಮಗೆ ಕೊಡಿ, ಬದಲಿಗೆ ಮಂಗಳೂರು ಬಂದರಿನಲ್ಲಿ ನಿಮಗೆ ಜಾಗ ಕೊಡ್ತೀವಿ! ಯೋಚಿಸಿ ನೋಡಿ. ಸಮುದ್ರವೇ ಇಲ್ಲದ ಶ್ರೀರಂಗಪಟ್ಟಣದಲ್ಲಿ ಕೂತವನೊಬ್ಬ ಕೊಲ್ಲಿಯ ವ್ಯಾಪಾರವನ್ನು ಹೀಗೆ ಯೋಚಿಸಿದ್ದ.

ಇಸ್ತಾಂಬುಲ್‌ನಲ್ಲಿ ಆಗ ಸುಲ್ತಾನ ಮೊದಲನೇ ಅಬ್ದುಲ್ ಹಮೀದ್. ಮರ್ಯಾದೆಗೆ ಏನೂ ಕಡಿಮೆಯಾಗಲಿಲ್ಲ. ಆದರೆ ಟೈಮಿಂಗ್ ಸರಿಯಿರಲಿಲ್ಲ. ಇವರು ತಲುಪುವುದಕ್ಕೆ ಒಂದು ತಿಂಗಳ ಮುಂಚೆ, 1787ರ ಆಗಸ್ಟ್‌ನಲ್ಲಿ, ತುರ್ಕಿಗೂ ರಷ್ಯಾಕ್ಕೂ ಯುದ್ಧ ಶುರುವಾಗಿತ್ತು. ಅಂಥ ಹೊತ್ತಿನಲ್ಲಿ ಇಂಗ್ಲಿಷರನ್ನು ಎದುರು ಹಾಕಿಕೊಳ್ಳೋಕೆ ಸುಲ್ತಾನನಿಗೆ ಹುಚ್ಚೇ? ಇಂಗ್ಲಿಷರ ರಾಯಭಾರಿ ರಾಬರ್ಟ್ ಐನ್ಸ್‌ಲಿ ಅದೇ ಊರಿನಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದ. ಈ ಮೈಸೂರಿನವರು ಯಾರ ಮನೆಗೆ ಹೋದರು, ಏನು ಮಾತಾಡಿದರು ಅನ್ನೋದರ ಮೇಲೆ ಕಣ್ಣಿಟ್ಟು ಲಂಡನ್ನಿಗೆ ವರದಿ ಮಾಡುತ್ತಿದ್ದ. ಗುಲಾಮ್ ಅಲಿ ತಂಡಕ್ಕೆ ಸಿಕ್ಕಿದ್ದು ಗೌರವದ ಮಾತು ಮತ್ತು ಒಂದು ಒಳ್ಳೆಯ ಪತ್ರ. ಸೈನ್ಯವೂ ಇಲ್ಲ, ಬಸ್ರಾವೂ ಇಲ್ಲ.

ಮೊದಲ ಯೋಜನೆಯ ಪ್ರಕಾರ ಅವರು ಅಲ್ಲಿಂದ ಫ್ರಾನ್ಸಿಗೂ, ಆಮೇಲೆ ಲಂಡನ್ನಿಗೂ ಹೋಗಬೇಕಿತ್ತು. ಅದು ಆಗಲಿಲ್ಲ. ಈಜಿಪ್ಟ್ ಮಾರ್ಗವಾಗಿ ಮೆಕ್ಕಾ ಮುಗಿಸಿ ಅವರು ಮಲಬಾರ್ ಕರಾವಳಿ ಮುಟ್ಟಿದ್ದು 1789ರ ಕೊನೆಗೆ. ಹೋಗಿ ಬರೋಕೆ ಮೂರೂಮುಕ್ಕಾಲು ವರ್ಷ!

ಅಷ್ಟರಲ್ಲಿ ಟಿಪ್ಪು ಫ್ರಾನ್ಸಿಗೆ ಬೇರೆಯೇ ತಂಡ ಕಳಿಸಿದ್ದ. ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1787ರ ಜುಲೈನಲ್ಲಿ ಪಾಂಡಿಚೇರಿ ಬಿಟ್ಟು, 1788ರ ಜೂನ್‌ನಲ್ಲಿ ಟೂಲೋನ್ ಬಂದರಿನಲ್ಲಿ ಇಳಿದರು. ಪ್ಯಾರಿಸ್ಸಿನಲ್ಲಿ ಇವರನ್ನು ನೋಡೋಕೆ ಜನ ಮುಗಿಬಿದ್ದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯ ದರ್ಬಾರು. ಹೆಸರಾಂತ ಕಲಾವಿದೆ ವಿಜೆ ಲ ಬ್ರೂನ್ ತಾನೇ ಆಸೆಪಟ್ಟು ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಚಿತ್ರ ಮುಗಿದ ಮೇಲೆ ಆತ ಅದನ್ನು ಕೊಡಲೊಪ್ಪದೆ ತನ್ನ ಮಂಚದ ಹಿಂದೆ ಬಚ್ಚಿಟ್ಟನಂತೆ. ಅವಳೇ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾಳೆ. ಅದೇ ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

ಇವತ್ತು ಇದಕ್ಕೆ "ಪಬ್ಲಿಕ್ ಡಿಪ್ಲೊಮಸಿ" ಅಂತಾರೆ. ರಾಜನ ಜೊತೆ ರಾಜ ಮಾತಾಡೋದು ಒಂದು, ಆ ದೇಶದ ಜನರ ಮನಸ್ಸು ಗೆಲ್ಲೋದು ಇನ್ನೊಂದು. ಈ ಎರಡನೆಯದಕ್ಕೆ ಈ ಹೆಸರು ಗಟ್ಟಿಯಾಗಿ ಅಂಟಿದ್ದು 1965ರ ಹೊತ್ತಿಗೆ, ಅಮೆರಿಕದಲ್ಲಿ. ನಮ್ಮ ವಿದೇಶಾಂಗ ಇಲಾಖೆ ಅದಕ್ಕೊಂದು ಪ್ರತ್ಯೇಕ ವಿಭಾಗ ಮಾಡಿದ್ದು 2006ರಲ್ಲಿ. ಅದಾದ ಮೂರು ವರ್ಷಕ್ಕೆ ಆ ಇಲಾಖೆಯ ಮಂತ್ರಿಯಾಗಿ ಕೂತವರು ನಮ್ಮ ಜಿಲ್ಲೆಯವರೇ, ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಅವರೂ ಹುಡುಗನಾಗಿದ್ದಾಗ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಓದೋಕೆ ಹೋಗಿ ಬಂದವರು. ಆ ವಿದ್ಯಾರ್ಥಿವೇತನ ಇರೋದೇ ದೇಶ ದೇಶಗಳ ಜನ ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳಲಿ ಅಂತ.

ದರ್ವೇಶ್ ಖಾನ್ ಮತ್ತು ಸಂಗಡಿಗರು ಪ್ಯಾರಿಸ್ಸಿನ ಬೀದಿಯನ್ನು ಗೆದ್ದರು, ನಿಜ. ಆದರೆ ಖಜಾನೆ ಖಾಲಿಯಾಗಿದ್ದ ಲೂಯಿ, 1783ರಲ್ಲಷ್ಟೇ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಂಡವನು, ಯುದ್ಧಕ್ಕೆ ಬರಲು ಸಾಧ್ಯವೇ ಇರಲಿಲ್ಲ. ಸೆವ್ರ್ ಪಿಂಗಾಣಿ ಪಾತ್ರೆಗಳು, ಕೆಲವು ಕುಶಲಕರ್ಮಿಗಳು, ಬೀಜಗಳು ಸಿಕ್ಕವು. 1789ರ ಮೇನಲ್ಲಿ ಅವರು ಪಾಂಡಿಚೇರಿಗೆ ವಾಪಸ್. ಎರಡು ತಿಂಗಳಿಗೆ ಬಾಸ್ಟಿಲ್ ಬಿತ್ತು. ಯಾವ ರಾಜನ ಜೊತೆ ಸ್ನೇಹ ಮಾಡಿ ಬಂದರೋ ಆ ರಾಜನೇ ಉಳಿಯಲಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ನೀವು ಸ್ಕೂಲ್ ಟ್ರಿಪ್ಪಿನಲ್ಲಿ ಹೋಗಿರುತ್ತೀರಿ. ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಇಂಗ್ಲಿಷರ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತು ಸೋಲುತ್ತಿರೋದು? ಈ ಸಲ ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ. ಎಷ್ಟು ದೊಡ್ಡ ಗೆಲುವು, ಎಷ್ಟು ಚೆಂದದ ಚಿತ್ರ. ಆದರೆ ನೋಡಬೇಕಾದರೆ ಈ ದ್ವೀಪಕ್ಕೇ ಬರಬೇಕು.

ಈಗ ಅದರ ಎದುರಿಗೆ ಇನ್ನೊಂದು ಚಿತ್ರ ಇಟ್ಟು ನೋಡೋಣ. ಅದಕ್ಕೆ ಮತ್ತೆ ಫ್ರೆಂಚ್ ರಾಕ್ಸ್ ಕಡೆಗೇ ಬರಬೇಕು.

1792ರ ಫೆಬ್ರವರಿ. ಕಾರ್ನ್‌ವಾಲಿಸ್‌ನ ಸೈನ್ಯ, ಜೊತೆಗೆ ನಿಜಾಮ ಮತ್ತು ಮರಾಠರ ಸೈನ್ಯಗಳು ಫ್ರೆಂಚ್ ರಾಕ್ಸ್ ಬಳಿ ಬಂದು ಇಳಿದವು. ಫೆಬ್ರವರಿ 6ರ ರಾತ್ರಿಯ ದಾಳಿಯ ಮೇಲೆ ನದಿಯ ಈಚೆ ದಡವೆಲ್ಲ ಅವರ ಕೈಗೆ ಹೋಯಿತು. ಕೋಟೆಯ ಒಳಗೆ ಟಿಪ್ಪು. ಇನ್ನು ಮಾತುಕತೆ ಬಿಟ್ಟರೆ ದಾರಿಯಿಲ್ಲ. ಯಾರನ್ನು ಕಳಿಸೋದು? ಮತ್ತೆ ಅದೇ ಗುಲಾಮ್ ಅಲಿ ಖಾನ್, ಜೊತೆಗೆ ಅಲಿ ರಜಾ ಖಾನ್. ಆಗಿನ ಭಾಷೆಯಲ್ಲಿ ರಾಯಭಾರಿಗೆ "ವಕೀಲ" ಅನ್ನುತ್ತಿದ್ದರು. ಇಸ್ತಾಂಬುಲ್‌ನಲ್ಲಿ ಸುಲ್ತಾನನ ಮುಂದೆ ನಿಂತು ಬಂದರು ಕೇಳಿದ್ದವನು, ಈಗ ತನ್ನ ಊರಿನ ಹೊರಗೆ ಹಾಕಿದ ಡೇರೆಯಲ್ಲಿ ಕೂತು, ಎಷ್ಟು ಕಳೆದುಕೊಂಡರೆ ಎಷ್ಟು ಉಳಿಯುತ್ತೆ ಅಂತ ಚೌಕಾಸಿ ಮಾಡಬೇಕಾಯಿತು.

ಷರತ್ತು ನಿಮಗೆ ಗೊತ್ತಿರಬಹುದು. ಅರ್ಧ ರಾಜ್ಯ. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ. ಅದು ತೀರುವವರೆಗೆ ಇಬ್ಬರು ಮಕ್ಕಳು ಒತ್ತೆ. ಹತ್ತು ವರ್ಷದ ಅಬ್ದುಲ್ ಖಾಲಿಕ್, ಎಂಟು ವರ್ಷದ ಮುಯಿಜುದ್ದೀನ್. ಫೆಬ್ರವರಿ 26ರಂದು ಆನೆಗಳ ಮೇಲೆ ಬಂದ ಆ ಮಕ್ಕಳನ್ನು ಕಾರ್ನ್‌ವಾಲಿಸ್‌ನ ಕೈಗೆ ಒಪ್ಪಿಸಿದವನು ಗುಲಾಮ್ ಅಲಿ. ಬೆಳಿಗ್ಗೆವರೆಗೆ ಇವರು ನನ್ನ ಒಡೆಯನ ಮಕ್ಕಳು, ಇನ್ನು ಮೇಲೆ ನಿಮ್ಮನ್ನೇ ತಂದೆ ಅಂತ ನೋಡಬೇಕು ಎಂಬರ್ಥದ ಮಾತು ಹೇಳಿದ ಅಂತ ಅಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಕಾರ್ನ್‌ವಾಲಿಸ್ ಇಬ್ಬರನ್ನೂ ಕೈಹಿಡಿದು ಕರೆದು ಒಂದೊಂದು ಚಿನ್ನದ ಗಡಿಯಾರ ಕೊಟ್ಟ.

ನಾನು ಆ ವಾಕ್ಯವನ್ನು ಓದಿದಾಗಲೆಲ್ಲ ನಿಲ್ಲುತ್ತೇನೆ. ಸೋತವರ ಕಡೆಯ ಮನುಷ್ಯನ ಹತ್ತಿರ ಆ ಹೊತ್ತಿನಲ್ಲಿ ಸೈನ್ಯವಿಲ್ಲ, ಹಣವಿಲ್ಲ, ಮಿತ್ರರಿಲ್ಲ. ಇದ್ದದ್ದು ಒಂದು ಮಾತು ಅಷ್ಟೇ. ಆ ಮಾತಿನಿಂದ ಅವನು ಶತ್ರುವಿನ ಮೇಲೆ ಒಂದು ಜವಾಬ್ದಾರಿ ಹೊರಿಸಿದ. ನೀನು ತಂದೆ ಅಂತ ಎಲ್ಲರ ಮುಂದೆ ಹೇಳಿಬಿಟ್ಟರೆ, ಆ ಮಕ್ಕಳಿಗೆ ಏನಾದರೂ ಆದರೆ ಹೆಸರು ಕೆಡೋದು ಕಾರ್ನ್‌ವಾಲಿಸ್‌ನದೇ. ಇಪ್ಪತ್ತು ದೇಶ ಸುತ್ತಿದ್ದರೂ ಕಲಿಯೋಕಾಗದ ಕಸುಬು ಅದು. ಮಕ್ಕಳ ಜೊತೆ ಅವನೂ ಮದ್ರಾಸಿಗೆ ಹೋದ. 1794ರಲ್ಲಿ ಮಕ್ಕಳು ಕ್ಷೇಮವಾಗಿ ವಾಪಸ್ ಬಂದರು. ದೇವನಹಳ್ಳಿಯಲ್ಲಿ ತಂದೆ ಅವರನ್ನು ಬರಮಾಡಿಕೊಂಡ. ಗುಲಾಮ್ ಅಲಿಯ ಇಡೀ ವೃತ್ತಿಜೀವನದಲ್ಲಿ ಪೂರ್ತಿ ಫಲಿಸಿದ ಕೆಲಸ ಅಂದರೆ ನನ್ನ ಪ್ರಕಾರ ಅದೊಂದೇ.

ಆದರೆ ಆ ದೃಶ್ಯದ ಲಾಭ ಯಾರಿಗೆ ಹೋಯಿತು? ರಾಬರ್ಟ್ ಹೋಮ್ ಎಂಬ ಚಿತ್ರಕಾರ ಇಂಗ್ಲಿಷ್ ಸೈನ್ಯದ ಜೊತೆಯಲ್ಲೇ ಬಂದಿದ್ದ. ಅವನು ಆ ದೃಶ್ಯ ಬರೆದ. ಮಾಥರ್ ಬ್ರೌನ್ ಥರದವರು ಇಲ್ಲಿಗೆ ಬರದೆ ಲಂಡನ್ನಿನಲ್ಲೇ ಕೂತು ಬರೆದರು. ಚಿತ್ರಗಳಿಂದ ಅಚ್ಚುಗಳಾದವು, ಪದಕಗಳಾದವು, ಬ್ರಿಟನ್ನಿನಲ್ಲೆಲ್ಲ ಮಾರಾಟವಾದವು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾಗಿ ತಲೆ ತಗ್ಗಿಸಿದ್ದ ಕಾರ್ನ್‌ವಾಲಿಸ್, ನಮ್ಮೂರ ಹೊಲದಲ್ಲಿ ಎರಡು ಮಕ್ಕಳ ಕೈಹಿಡಿದು ಕರುಣಾಳು ತಂದೆಯಾಗಿಬಿಟ್ಟ. ದರಿಯಾ ದೌಲತ್‌ನ ಗೆಲುವಿನ ಚಿತ್ರ ಗೋಡೆಯ ಮೇಲೆ ಒಂದೇ ಉಳಿಯಿತು. ಈ ಚಿತ್ರ ಮನೆಮನೆಗೆ ಹೋಯಿತು. ಪಬ್ಲಿಕ್ ಡಿಪ್ಲೊಮಸಿ ಅನ್ನೋ ಹೆಸರು ಹುಟ್ಟೋಕೆ ಮುಂಚೆಯೇ ಇಂಗ್ಲಿಷರು ಅದನ್ನು ಅರೆದು ಕುಡಿದಿದ್ದರು.

ಇಲ್ಲಿ ಇನ್ನೊಬ್ಬ ರಾಯಭಾರಿಯ ಮಾತು ಹೇಳದಿದ್ದರೆ ಕಥೆ ಅರ್ಧವಾಗುತ್ತೆ. ಗುಲಾಮ್ ಅಲಿ ಹಡಗು ಹತ್ತುವ ಮುಂಚೆಯೇ ಅದೇ ಶ್ರೀರಂಗಪಟ್ಟಣದಿಂದ, ಹೈದರ್ ಮತ್ತು ಟಿಪ್ಪುವಿನ ವಿರುದ್ಧ, ಇನ್ನೊಂದು ಗುಟ್ಟಿನ ರಾಯಭಾರ ನಡೆದಿತ್ತು. ಅರಮನೆಯಲ್ಲಿ ನಿರ್ಬಂಧದಲ್ಲಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ತಿರುಮಲ ರಾವ್ ಎಂಬ ಪ್ರಧಾನ ಇಂಗ್ಲಿಷರ ಬಾಗಿಲು ತಟ್ಟುತ್ತಿದ್ದ. 1782ರ ಅಕ್ಟೋಬರ್‌ನಲ್ಲಿ ತಂಜಾವೂರಿನಲ್ಲಿ ಇಂಗ್ಲಿಷರ ಜೊತೆ ಒಂದು ಒಪ್ಪಂದವೂ ಆಯಿತು. ಅದರ ಬೆಲೆ? ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ಕೇಳಿ. ಈ ಒಳಸಂಚಿನ ಸಿಟ್ಟಿಗೆ ನರಕ ಚತುರ್ದಶಿಯ ದಿನ ತಮ್ಮ ಹಿರಿಯರನ್ನು ಕೊಂದರು ಅನ್ನೋದು ಅವರ ನೆನಪು. ಎಷ್ಟೋ ಮನೆಗಳಲ್ಲಿ ಇವತ್ತಿಗೂ ಆ ದಿನ ದೀಪಾವಳಿಯಿಲ್ಲ. ನನ್ನ ಕಾಲೇಜು ಗೆಳೆಯನೊಬ್ಬನ ಮನೆಯಲ್ಲೂ ಇಲ್ಲ. ರಾಯಭಾರಿ ದೂರದಲ್ಲಿ ಆಡಿದ ಮಾತಿಗೆ ಊರಲ್ಲಿ ಉಳಿದವರು ತೆತ್ತಿದ್ದಾರೆ. ಇಬ್ಬರು ವಕೀಲರು, ಒಂದೇ ಊರು. ಇಬ್ಬರಿಗೂ ತಮ್ಮ ಒಡೆಯರ ಮೇಲೆ ನಿಷ್ಠೆ. ಕೊನೆಗೆ 1799ರಲ್ಲಿ ಮಹಾರಾಣಿಯವರ ಆಸೆ ಈಡೇರಿ ಒಡೆಯರ ಸಿಂಹಾಸನ ಬಂತು. ಆದರೆ ದಿವಾನಗಿರಿ ಸಿಕ್ಕಿದ್ದು ತಿರುಮಲ ರಾವ್‌ಗಲ್ಲ, ಟಿಪ್ಪುವಿನ ಕೈಕೆಳಗೇ ಕೆಲಸ ಮಾಡಿದ್ದ ಪೂರ್ಣಯ್ಯನಿಗೆ.

1799ಕ್ಕೆ ಬರುವ ಮುಂಚೆ ನನ್ನ ಕೆಲಸದ್ದೇ ಒಂದು ಘಟನೆ ಹೇಳಬೇಕು. ಹಿಂದೆ ಒಂದು ಪ್ರಾಜೆಕ್ಟ್‌ನಲ್ಲಿ, ಕ್ಲೈಂಟ್ ಬಗ್ಗೆ ನಮ್ಮೊಳಗೇ ಬರೆದುಕೊಂಡಿದ್ದ ಒಂದು ಮೇಲ್ ಕ್ಲೈಂಟ್‌ಗೇ ಹೋಗಿಬಿಟ್ಟಿತು. ಕಳಿಸಿದ್ದು ಯಾರು ಅಂತ ಕೇಳಬೇಡಿ. (ನಾನೇ.) ಆಮೇಲಿನ ಮೂರು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಹಾಗಾಗಿ ಮಾರಿಷಸ್ ಕಥೆ ಓದುವಾಗ ನನಗೆ ಹೊಟ್ಟೆಯಲ್ಲಿ ಕಲೆಸಿದಂತಾಗುತ್ತೆ.

1797ರ ಕೊನೆಗೆ ಟಿಪ್ಪು ಇಬ್ಬರು ವಕೀಲರನ್ನು ಗುಟ್ಟಾಗಿ ಮಾರಿಷಸ್‌ಗೆ ಕಳಿಸಿದ. ಅಲ್ಲಿ ಫ್ರೆಂಚ್ ಗವರ್ನರ್ ಮಾಲಾರ್ತಿಕ್. ಗುಟ್ಟು ಗುಟ್ಟಾಗಿರಲಿ ಅನ್ನೋದು ಟಿಪ್ಪುವಿನ ಕಡೆಯವರ ಆಸೆ. ಆದರೆ ಆ ಮಹಾನುಭಾವ 1798ರ ಜನವರಿ 30ರಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿಬಿಟ್ಟ. ಇಂಗ್ಲಿಷರನ್ನು ಭಾರತದಿಂದ ಓಡಿಸೋಕೆ ಟಿಪ್ಪು ಸಹಾಯ ಕೇಳಿದ್ದಾನೆ, ಹೋಗೋರು ಹೆಸರು ಕೊಡಿ ಅಂತ! ಅಷ್ಟೆಲ್ಲ ಸದ್ದು ಮಾಡಿ ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು 99 ಜನ. ಜೂನ್ ಹೊತ್ತಿಗೆ ಆ ಪ್ರಕಟಣೆ ಕಲ್ಕತ್ತದ ಪತ್ರಿಕೆಯಲ್ಲಿ ಅಚ್ಚಾಯಿತು. ಗವರ್ನರ್ ಜನರಲ್ ಆಗಿ ಆಗಷ್ಟೇ ಬಂದಿದ್ದ ವೆಲ್ಲೆಸ್ಲಿಗೆ ಯುದ್ಧಕ್ಕೊಂದು ನೆಪ ಬೇಕಿತ್ತು. ಅದು ಅಚ್ಚಾಗಿಯೇ ಕೈಗೆ ಬಂತು.

ಇನ್ನೂ ಒಂದಿದೆ. 1798ರ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟ್‌ಗೆ ನುಗ್ಗಿದ. ಈಜಿಪ್ಟ್ ಆಗ ತುರ್ಕಿಯ ಸುಲ್ತಾನನದು. ಸೆಪ್ಟೆಂಬರ್ 20ರಂದು ಸುಲ್ತಾನ ಮೂರನೇ ಸಲೀಮ್ ಟಿಪ್ಪುವಿಗೆ ಒಂದು ಪತ್ರ ಬರೆದ. ಫ್ರೆಂಚರು ನಂಬಿಕೆಗೆ ಅನರ್ಹರು, ಇಂಗ್ಲಿಷರ ಜೊತೆ ಜಗಳ ಬೇಡ ಅನ್ನೋದು ಅದರ ಸಾರ. ಆ ಪತ್ರ ಟಿಪ್ಪುವಿನ ಕೈಗೆ ಬಂದದ್ದು ಯಾರ ಮೂಲಕ ಗೊತ್ತಾ? 1799ರ ಜನವರಿಯಲ್ಲಿ, ವೆಲ್ಲೆಸ್ಲಿಯ ಮೂಲಕ. ಗುಲಾಮ್ ಅಲಿ 900 ಜನರ ಜೊತೆ ಹೊರಟು, ಅವರಲ್ಲಿ ಹೆಚ್ಚಿನವರನ್ನು ಕಳೆದುಕೊಂಡು ತೆರೆದಿದ್ದ ದಾರಿ ಅದು. ಹದಿಮೂರು ವರ್ಷದ ಮೇಲೆ ಆ ದಾರಿಯಲ್ಲಿ ಇಸ್ತಾಂಬುಲ್‌ನಿಂದ ಮಾತು ಬಂತು. ಶತ್ರುವಿನ ಟಪಾಲಿನಲ್ಲಿ ಬಂತು, ಶತ್ರುವಿನ ಪರವಾಗಿ ಬಂತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಈ ಸೋಲಿಗೆ ರಾಯಭಾರಿಗಳು ಕಾರಣ ಅಂತ ನನಗೆ ಅನ್ನಿಸಲ್ಲ. ಅವರು ಕಳಿಸಿದ ಕಡೆ ಹೋದರು, ಹೇಳಿದ್ದನ್ನು ಹೇಳಿದರು, ಸತ್ತರು. ಆದರೆ ಪ್ರತಿ ಸಲವೂ ಅವರು ಹೋಗಿದ್ದು ಕಷ್ಟ ಬಂದಾಗ, ಕೇಳೋಕೆ. ಐನ್ಸ್‌ಲಿ ಮಾತ್ರ ಇಸ್ತಾಂಬುಲ್‌ನಲ್ಲಿ ಏನೂ ಕೇಳದೆ ವರ್ಷಗಟ್ಟಲೆ ಕೂತಿದ್ದ. ಆ ಊರಿನವರಿಗೆ ಏನು ಬೇಕು, ಯಾವುದಕ್ಕೆ ಭಯ, ಯಾರ ಮೇಲೆ ಸಿಟ್ಟು ಅನ್ನೋದು ಅವನಿಗೆ ಗೊತ್ತಿತ್ತು. ಗುಲಾಮ್ ಅಲಿಗೆ ರಷ್ಯಾ ಯುದ್ಧದ ಪೂರ್ತಿ ಅರ್ಥ ಆಗಿದ್ದು ಅಲ್ಲಿಗೆ ಹೋದ ಮೇಲೆ. ಕೇಳುವ ಕಿವಿಯನ್ನು ಮೊದಲು ಸಂಪಾದಿಸಿರಬೇಕು, ಆಮೇಲೆ ಮಾತು. ಕಂಪನಿಯಲ್ಲೂ ಇದೇ ತಾನೇ? ಎಸ್ಕಲೇಷನ್ ಬಂದಾಗ ಮೊದಲ ಸಲ ಫೋನ್ ಮಾಡುವವನ ಮಾತು ಯಾವ ಕ್ಲೈಂಟ್ ಕೇಳ್ತಾನೆ?

ಪಾಂಡವಪುರದಿಂದ ಚಿನಕುರಳಿ ಮೇಲೆ ಕೆ.ಆರ್. ಪೇಟೆಗೆ ಹೋಗುವ ದಾರಿ ನನ್ನ ದಾರಿ. 1771ರಲ್ಲಿ ಇದೇ ಚಿನಕುರಳಿಯಲ್ಲಿ ಮರಾಠರ ಕೈಯಲ್ಲಿ ಹೈದರನ ಸೈನ್ಯ ಚಿಂದಿಯಾಗಿತ್ತು. ಸ್ವಲ್ಪ ಒಳಗೆ ಹೋದರೆ ತೊಣ್ಣೂರು ಕೆರೆ. ಶತ್ರುವಿಗೆ ನೀರು ಸಿಗಬಾರದು ಅಂತ 1799ರಲ್ಲಿ ಟಿಪ್ಪು ಅದರ ಏರಿ ಒಡೆಸಿದ. ರಾಮಾನುಜಾಚಾರ್ಯರ ಕಾಲದ ಕೆರೆ. ಮುಂದಿನ ವರ್ಷ ಅದನ್ನು ಮತ್ತೆ ಕಟ್ಟಬೇಕಾಯಿತು. ಇಸ್ತಾಂಬುಲ್‌ನಲ್ಲಿ, ವರ್ಸೇಲ್ಸ್‌ನಲ್ಲಿ ಮಾತು ಮುರಿದುಬಿದ್ದರೆ ಒಡೆಯೋದು ತೊಣ್ಣೂರಿನ ಏರಿ. ಒಣಗೋದು ಆ ಅಚ್ಚುಕಟ್ಟಿನ ಗದ್ದೆ. ಕೆರೆ ಏರಿ ಮೇಲೆ ನಿಂತಾಗ ನನಗೆ ಈ ಇಡೀ ಕಥೆಯ ಲೆಕ್ಕ ಅರ್ಥವಾಗಿದ್ದು ಹೀಗೆ.

ಊರಲ್ಲಿ ಎರಡು ದಿನ ಇದ್ದು, ವಾಪಸ್ ಬರುವಾಗ ನಾಗಮಂಗಲದ ಮೇಲೆ ಬಂದೆ. ಬೆಳ್ಳೂರು ಕ್ರಾಸ್ ಹತ್ತಿರ ಕಾರು ನಿಲ್ಲಿಸಿ ಕಾಫಿ ಕುಡಿಯುವಾಗ ಹೊಳೆಯಿತು, ಈ ಬೆಳ್ಳೂರು ಬಿ.ಎಂ.ಶ್ರೀ ಅವರ ಮನೆತನದ ಊರು. ಇಂಗ್ಲಿಷ್ ಕವಿತೆಗಳನ್ನು ಕನ್ನಡದ ಕಿವಿಗೆ ಒಗ್ಗಿಸಿದ ಅವರ "ಇಂಗ್ಲಿಷ್ ಗೀತಗಳು" ಬಂದದ್ದು 1926ರಲ್ಲಿ. ಇತ್ತ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ವಯಸ್ಸಾದ ಮೇಲೆ ಅಮೆರಿಕ ನೋಡಿ ಬಂದು "ಅಪರವಯಸ್ಕನ ಅಮೆರಿಕಾ ಯಾತ್ರೆ" ಬರೆದರು. ಇವರಿಗೆ ಯಾವ ದರ್ಬಾರೂ ಹುದ್ದೆ ಕೊಟ್ಟಿರಲಿಲ್ಲ. ಆನೆಯಿಲ್ಲ, ಹಡಗಿಲ್ಲ, ಕೇಳಬೇಕಾದ ಬಂದರಿಲ್ಲ. ಆ ಕಡೆಯವರು ಹೇಗೆ ಯೋಚನೆ ಮಾಡ್ತಾರೆ ಅನ್ನೋದನ್ನ ಈ ಕಡೆಯವರಿಗೆ ನಿಧಾನವಾಗಿ ಹೇಳಿದರು, ಅಷ್ಟೇ. ನಮ್ಮಮ್ಮ ಶೆಲ್ಲಿಯ ಹೆಸರು ಕೇಳಿದ್ದು ಬಿ.ಎಂ.ಶ್ರೀ ಅವರಿಂದಲೇ ಹೊರತು ಯಾವ ರಾಯಭಾರಿಯಿಂದಲೂ ಅಲ್ಲ.

ಸೋಮವಾರ ಬೆಳಿಗ್ಗೆ ಎಂದಿನಂತೆ ಕ್ಲೈಂಟ್ ಕಾಲ್ ಇತ್ತು. ಅಜೆಂಡಾ ಶುರು ಮಾಡುವ ಮುಂಚೆ, ಆ ಕಡೆಯವರನ್ನು ನಿಮ್ಮ ಊರು ಯಾವುದು, ಅಲ್ಲಿ ಈಗ ಏನು ಬೆಳೆ ಅಂತ ಕೇಳಿದೆ. ನಾಲ್ಕು ವರ್ಷದಿಂದ ಒಟ್ಟಿಗೆ ಕೆಲಸ ಮಾಡ್ತಿದ್ದೀವಿ, ಕೇಳಿರಲೇ ಇಲ್ಲ. ಆಕೆ ಒಂದು ಕ್ಷಣ ಸುಮ್ಮನಿದ್ದು, ತನ್ನ ಅಪ್ಪನದೂ ಹೊಲ ಇದೆ, ಸಕ್ಕರೆ ಬೀಟ್‌ರೂಟ್ ಹಾಕ್ತಾರೆ ಅಂದಳು. ನಮ್ಮ ಕಡೆ ಸಕ್ಕರೆಗೆ ಕಬ್ಬು ಅಂದೆ. ಹತ್ತು ನಿಮಿಷ ಅದೇ ಮಾತಾಯಿತು. ಪಕ್ಕದಲ್ಲಿದ್ದ ಮ್ಯಾನೇಜರ್ ಗಡಿಯಾರ ನೋಡಿಕೊಳ್ಳುತ್ತಿದ್ದ.